ಎರಡನೇ ಸಲದ ಕ್ಷೌರ

ನನ್ನ ಗಂಡನಿಗೆ ಮುಖಗಳು ನೆನಪಿರುವುದಿಲ್ಲ, ಎದೆಗಳು ನೆನಪಿರುತ್ತವೆ. ರಸ್ತೆಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಇವರೂ ನಕ್ಕು ಮಾತಾಡುತ್ತಾರೆ, ಮನೆಮಂದಿಯ ಯೋಗಕ್ಷೇಮವನ್ನೆಲ್ಲ ವಿಚಾರಿಸುತ್ತಾರೆ, ಹತ್ತು ಹೆಜ್ಜೆ ಮುಂದೆ ಬಂದ ಮೇಲೆ "ಯಾರೇ ಅದು?" ಎಂದು ನನ್ನನ್ನು ಕೇಳುತ್ತಾರೆ. ಒಂದು ಸಲ ಹಾಗೆ ಕೇಳಿದ್ದು ನನ್ನ ಸ್ವಂತ ತಮ್ಮನ ಬಗ್ಗೆ. ಆದರೆ ಒಬ್ಬ ಗಂಡಸಿನ ಎದೆಯ ಮೇಲೆ ಮಚ್ಚೆ ಎಲ್ಲಿದೆ, ಕೂದಲು ಯಾವ ಕಡೆಗೆ ಸುತ್ತಿದೆ ಎಂಬುದನ್ನು ಒಮ್ಮೆ ನೋಡಿದರೆ ಹತ್ತು ವರ್ಷ ಮರೆಯುವುದಿಲ್ಲ.

ಇದು ಕಾಯಿಲೆಯಲ್ಲ, ಕಸುಬು. ಇವರು ದೊಡ್ಡಾಸ್ಪತ್ರೆಯಲ್ಲಿ ಕ್ಷೌರಿಕರು. ಹೃದಯದ ಆಪರೇಶನ್ನಿಗೆ ಹೋಗುವ ಗಂಡಸರ ಎದೆ, ಹೊಟ್ಟೆ, ಎರಡೂ ಕಾಲುಗಳ ಕೂದಲು ತೆಗೆದು ಸಿದ್ಧ ಮಾಡಿಕೊಡುವುದು ಇವರ ಕೆಲಸ. ಕಾಲು ಯಾಕೆಂದರೆ, ಹೃದಯಕ್ಕೆ ಜೋಡಿಸುವ ರಕ್ತನಾಳವನ್ನು ಕಾಲಿನಿಂದ ತೆಗೆಯುತ್ತಾರೆ. ಬೆಳಿಗ್ಗೆ ಐದೂವರೆಗೆ ಮೂರನೇ ಮಹಡಿಗೆ ಹೋದರೆ ಒಂಬತ್ತಕ್ಕೆ ಕೆಲಸ ಮುಗಿಯುತ್ತದೆ. ಇಪ್ಪತ್ತೆರಡು ವರ್ಷದಿಂದ ಇದೇ. ಕೊರಳಿನ ಬುಡದಲ್ಲಿ ಮೆಷಿನ್ ನಿಲ್ಲಿಸಿದ ಜಾಗ ಸ್ಕೇಲಿಟ್ಟು ಗೆರೆ ಎಳೆದ ಹಾಗಿರಬೇಕು, ಅದು ಇವರ ಹೆಮ್ಮೆ. ಸಂಜೆ ಪಾಳಿಯ ಕ್ಷೌರಿಕ ಆ ಗೆರೆಯನ್ನು ಸೊಟ್ಟ ಮಾಡುತ್ತಾನೆಂದು ಅವನಿಗೆ ಇವರಿಟ್ಟ ಹೆಸರು ಹುಲ್ಲು ಕೊಯ್ಯೋನು. ಕೆಲಸ ಮುಗಿದ ಮೇಲೆ ಪ್ರತಿಯೊಬ್ಬ ರೋಗಿಗೂ ಇವರು ಒಂದು ಮಾತು ಹೇಳುತ್ತಾರೆ: "ಕೂದಲೂ ವಾಪಸ್ ಬರತ್ತೆ, ನೀವೂ ವಾಪಸ್ ಬರ್ತೀರಿ."

ಹೇಳುವವರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಇವರ ಎದೆಯೇ ಕೈಕೊಟ್ಟ ಮೇಲೆ.

ಎರಡು ತಿಂಗಳಿಂದ ಮಹಡಿ ಹತ್ತುವಾಗ ಅರ್ಧಕ್ಕೇ ನಿಂತು ಗೋಡೆಯ ಬಣ್ಣ ನೋಡುತ್ತಿದ್ದರು. ಗೋಡೆಯಲ್ಲೇನಿದೆ ಎಂದರೆ "ಗ್ಯಾಸ್" ಎನ್ನುತ್ತಿದ್ದರು. ಹೃದಯದ ಆಸ್ಪತ್ರೆಯಲ್ಲಿ ಅಷ್ಟು ವರ್ಷ ದುಡಿದ ಮನುಷ್ಯ ಎದೆನೋವಿಗೆ ಗ್ಯಾಸ್ ಎಂದು ಹೆಸರಿಟ್ಟರೆ ಯಾರಿಗೆ ಹೇಳೋಣ? ಕೊನೆಗೆ ನಾನೇ ರಟ್ಟೆ ಹಿಡಿದು ಕರೆದುಕೊಂಡು ಹೋದೆ. ಶುಕ್ರವಾರ ಆಂಜಿಯೋಗ್ರಾಂ ಆಯಿತು. ಇವರನ್ನು ಚೆನ್ನಾಗಿ ಬಲ್ಲ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಪರದೆಯ ಮೇಲೆ ತೋರಿಸಿದರು.

"ಮೂರೂ ನಾಳ ಮುಚ್ಕೊಂಡಿವೆ. ಎಡಗಡೆ ದೊಡ್ಡದರ ಬುಡದಲ್ಲೇ ಕಟ್ಟಿದೆ. ಜೊತೆಗೆ ಸಕ್ಕರೆ ಕಾಯಿಲೆ ಬೇರೆ. ಸ್ಟೆಂಟ್ ಹಾಕಿ ಕಳಿಸೋ ಹಾಗಿಲ್ಲ, ಬೈಪಾಸೇ ಸರಿ. ಸೋಮವಾರ ಬಿಟ್ಟು ಮುಂದಿನ ಸೋಮವಾರ ತಗೋತೀನಿ."

"ಎಷ್ಟು ಜನ ಉಳೀತಾರೆ ಮೇಡಂ?" ಎಂದು ನಾನು ನೇರವಾಗಿ ಕೇಳಿದೆ. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ.

"ಇವರಂಥ ಸ್ಥಿತೀಲಿ ಇರೋರು ನಮ್ಮಲ್ಲಿ ನೂರಕ್ಕೆ ತೊಂಬತ್ತೆಂಟು ಜನ ನಡ್ಕೊಂಡು ಮನೆಗೆ ಹೋಗ್ತಾರೆ. ಮಾಡಿಸದೆ ಹೀಗೇ ಇದ್ರೆ ನಾನು ಯಾವ ಭರವಸೆನೂ ಕೊಡಲಾರೆ. ಮುಂದಿನ ಗುರುವಾರ ಮಧ್ಯಾಹ್ನದೊಳಗೆ ಸಹಿ ಹಾಕಿ ಕೊಡಿ. ಆಮೇಲಾದ್ರೆ ಆ ದಿನ ಬೇರೆಯವರಿಗೆ ಹೋಗತ್ತೆ."

ನನ್ನ ಗಂಡ ಪರದೆಯನ್ನು ನೋಡಲಿಲ್ಲ, ಮೇಜಿನ ಅಂಚು ನೋಡುತ್ತಿದ್ದರು. "ಮಾತ್ರೆ ತಗೊಂಡು ಇದ್ದುಬಿಡ್ತೀನಿ ಮೇಡಂ" ಎಂದರು.

ಮನೆಗೆ ಬಂದ ಮೇಲೆ ನಾಲ್ಕು ದಿನ ನಮ್ಮಲ್ಲಿ ನಡೆದದ್ದನ್ನು ಮಾತುಕತೆ ಎನ್ನಲಾಗುವುದಿಲ್ಲ. ನಾನು ಬೈದೆ, ಇವರು ಪೇಪರ್ ಓದಿದರು. ನಾನು ಅತ್ತೆ, ಇವರು ಎದ್ದು ಹೋಗಿ ನಲ್ಲಿಗೆ ಹೊಸ ವಾಷರ್ ಹಾಕಿದರು. ಆಮೇಲೆ ನಾನು ಸುಮ್ಮನಾದೆ, ನನ್ನ ಪರವಾಗಿ ಪಾತ್ರೆಗಳು ಮಾತಾಡಿದವು. ಸಹಿ ಹಾಕಬೇಕಾದ ಕಾಗದ ಟೀವಿಯ ಮೇಲೆ ಹಾಗೇ ಇತ್ತು. ದಿನಕ್ಕೆ ಎರಡು ಸಲ ಅದರ ಮೇಲಿನ ಧೂಳು ಒರೆಸುತ್ತಿದ್ದೆ. ಧೂಳೇನೂ ಇರಲಿಲ್ಲ.

ಬುಧವಾರ ರಜೆ ಹಾಕಿ ಮನೆಯಲ್ಲಿದ್ದೆ. ಮಧ್ಯಾಹ್ನ ಇವರು ತಾವಾಗಿಯೇ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು.

"ತೊಂಬತ್ತೆಂಟು ಜನ ಅಂತಾರಲ್ಲ, ನನ್ನ ಕಣ್ಣಿಗೆ ಅವರಲ್ಲಿ ಒಬ್ಬರೂ ಬಿದ್ದಿಲ್ಲ ಕಣೇ."

"ಅಂದ್ರೆ?"

"ನಾನು ಎರಡನೇ ಸಲ ನೋಡಿದವರೆಲ್ಲ ಸತ್ತವರೇ."

ಒಲೆ ಆರಿಸಿದೆ. ಇವರು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ಹೇಳತೊಡಗಿದರು. ಆಪರೇಶನ್ ಆದಮೇಲೆ ಯಾರಾದರೂ ತೀರಿಕೊಂಡರೆ, ಮನೆಯವರು ಬಂದು ನೋಡುವ ಮೊದಲು ಮುಖದ ಗಡ್ಡ ತೆಗೆದು ಅಂದವಾಗಿ ಕಾಣುವ ಹಾಗೆ ಮಾಡಿಕೊಡಬೇಕು. ನಾಲ್ಕೈದು ದಿನ ಟ್ಯೂಬು ಹಾಕಿಕೊಂಡು ಮಲಗಿದ್ದವರ ಗಡ್ಡ ಬೆಳೆದಿರುತ್ತದೆ. ಅದಕ್ಕೂ ಕರೆಯುವುದು ಇವರನ್ನೇ. ಮದುವೆಯಾಗಿ ಹದಿನೆಂಟು ವರ್ಷವಾದರೂ ಈ ಕೆಲಸದ ಸುದ್ದಿಯನ್ನು ಇವರು ಮನೆಗೆ ತಂದಿರಲಿಲ್ಲ.

"ಮುಖ ನೋಡಿದ್ರೆ ನನಗೆ ಗೊತ್ತಾಗಲ್ಲ. ಹೊದಿಕೆ ಸ್ವಲ್ಪ ಸರಿಸಿದ್ರೆ ಕೊರಳ ಹತ್ರ ನಾನು ಎಳೆದ ಗೆರೆ ಕಾಣತ್ತೆ. ಆಗ ಗೊತ್ತಾಗತ್ತೆ, ಇವರಿಗೆ ನಾನು ವಾಪಸ್ ಬರ್ತೀರಿ ಅಂತ ಹೇಳಿದ್ದೆ ಅಂತ." ಚೌಕಟ್ಟನ್ನು ಮತ್ತೆ ಕೆರೆದರು. "ಎಷ್ಟೋ ಸಲ ಕೈ ನಡುಗಿ ಬ್ಲೇಡ್ ತಾಗಿದೆ. ರಕ್ತ ಬರಲ್ಲ. ಕೊಯ್ದರೂ ರಕ್ತ ಬರಲ್ಲ ಅವರಿಗೆ."

ಈ ಮನುಷ್ಯನ ಮೇಲೆ ನಾಲ್ಕು ದಿನ ಪಾತ್ರೆ ಕುಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯ ಹಿಂದೆಯೇ ಇನ್ನೊಂದು ಹೊಳೆಯಿತು, ಅದು ಹೊಳೆದದ್ದು ನನ್ನ ಕಸುಬಿನಿಂದ.

ನಾನು ಬಟ್ಟೆ ಫ್ಯಾಕ್ಟರಿಯಲ್ಲಿ ಚೆಕಿಂಗ್ ಮಾಡುತ್ತೇನೆ. ಹೊಲಿದು ಬಂದ ಷರ್ಟುಗಳನ್ನು ಮೇಜಿನ ಮೇಲೆ ಹರಡಿ ಕಾಲರು, ತೋಳು, ಗುಂಡಿ ನೋಡುತ್ತೇನೆ. ತಪ್ಪಿದ್ದರೆ ಕೆಂಪು ಚೀಟಿ ಅಂಟಿಸಿ ಹೊಲಿದವಳಿಗೇ ವಾಪಸ್ ಕಳಿಸುತ್ತೇನೆ. ಸರಿಯಿದ್ದರೆ ಇಸ್ತ್ರಿಗೆ, ಅಲ್ಲಿಂದ ಪೆಟ್ಟಿಗೆಗೆ, ಪೆಟ್ಟಿಗೆ ಲಾರಿಗೆ. ಹೋದ ವರ್ಷ ಹೊಸದಾಗಿ ಸೇರಿದ ಟೈಲರ್ ಒಬ್ಬಳು ಹದಿನೈದನೇ ದಿನಕ್ಕೆ ಕೆಲಸ ಬಿಡುತ್ತೇನೆಂದು ಕಣ್ಣೀರು ಹಾಕಿದಳು. "ಅಕ್ಕಾ, ನಾನು ಹೊಲಿದದ್ದೆಲ್ಲ ಹಾಳೇ, ನನ್ನ ಮುಂದೆ ಬರೀ ಕೆಂಪು ಚೀಟಿನೇ ಬರತ್ತೆ" ಎಂದಳು. ಕೈ ಹಿಡಿದುಕೊಂಡು ಹೋಗಿ ಪ್ಯಾಕಿಂಗ್ ಕೋಣೆ ತೋರಿಸಿದೆ. ಅಲ್ಲಿ ಅವಳು ಹೊಲಿದ ನಾನೂರು ಷರ್ಟುಗಳು ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಈಗಲೂ ಅವಳು ನಮ್ಮಲ್ಲೇ ಇದ್ದಾಳೆ.

ಇದನ್ನು ಇವರಿಗೆ ಹೇಳಿದೆ. "ನಿಮ್ಮ ಹತ್ರ ಬರೋದು ಬರೀ ಕೆಂಪು ಚೀಟಿ. ಚೆನ್ನಾಗಿರೋರು ನಿಮ್ಮ ಹತ್ರ ಯಾಕೆ ಬರ್ತಾರೆ? ಅವರಿಗೆ ಮನೇಲಿ ಕನ್ನಡಿ ಇದೆ, ಕೈ ಇದೆ, ಗಡ್ಡ ಅವರೇ ಮಾಡ್ಕೋತಾರೆ."

"ಷರ್ಟ್ ಬೇರೆ, ಮನುಷ್ಯರು ಬೇರೆ" ಎಂದರು. ಆದರೆ ಚೌಕಟ್ಟು ಕೆರೆಯುವುದು ನಿಂತಿತ್ತು.

"ಹಾಗಾದ್ರೆ ಪ್ಯಾಕಿಂಗ್ ಕೋಣೆಗೆ ಹೋಗೋಣ ನಡೀರಿ. ಆಪರೇಶನ್ ಆದವರು ಮತ್ತೆ ತೋರಿಸೋಕೆ ಬರೋದು ಎಲ್ಲಿ?"

"ಹಿಂದಿನ ಕಟ್ಟಡ. ಗುರುವಾರ ಬೆಳಿಗ್ಗೆ ಹತ್ತಕ್ಕೆ."

"ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಲ ಹೋಗಿದ್ದೀರಿ?"

"ನನಗೆ ಅಲ್ಲೇನು ಕೆಲಸ?" ಎಂದರು. ನಿಜ ಹೇಳಬೇಕೆಂದರೆ ಪಾಪ, ಅಲ್ಲಿ ಇವರಿಗೆ ಏನೂ ಕೆಲಸವಿರಲಿಲ್ಲ. ಒಂಬತ್ತಕ್ಕೆ ಮುಂದಿನ ಗೇಟಿನಿಂದ ಮನೆಗೆ ಬರುತ್ತಿದ್ದರು. ಹಿಂದಿನ ಕಟ್ಟಡದ ಗೇಟು ಇನ್ನೊಂದು ರಸ್ತೆಗಿತ್ತು.

ಮರುದಿನ ಹತ್ತಕ್ಕೆ ಹೋದೆವು. ಉದ್ದನೆಯ ಹಜಾರ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು, ಫೈಲು ಹಿಡಿದ ಎಪ್ಪತ್ತು ಎಂಬತ್ತು ಜನ. ಗಲಾಟೆಯೋ ಗಲಾಟೆ. ಒಬ್ಬರು ಟೋಕನ್‌ಗಾಗಿ ಜಗಳ ಆಡುತ್ತಿದ್ದರು, ಒಬ್ಬರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು, ಇಬ್ಬರು ರಾಜಕೀಯ ಮಾತಾಡಿ ಮುಖ ಕೆಂಪಗೆ ಮಾಡಿಕೊಂಡಿದ್ದರು. ಇವರು ಒಂದೊಂದೇ ಮುಖ ನೋಡುತ್ತ ಹಜಾರದ ಆ ತುದಿಗೆ ಹೋಗಿ ಬಂದರು.

"ಇವರಲ್ಲಿ ಯಾರೂ ನಾನು ಮಾಡಿದವರಲ್ಲ" ಎಂದರು. ಧ್ವನಿ ಸೋತಿತ್ತು.

ಮುಖ ನೋಡಿದರೆ ಇವರಿಗೆ ಹೇಗೆ ಗೊತ್ತಾಗಬೇಕು? ಸ್ವಂತ ಭಾವಮೈದುನನನ್ನೇ ಗುರುತಿಸದ ಮನುಷ್ಯ! ಗಡಿಯಾರ ನೋಡಿದೆ. ಮಧ್ಯಾಹ್ನಕ್ಕೆ ಇನ್ನು ಎರಡು ಗಂಟೆಯೂ ಇರಲಿಲ್ಲ. ನಾಚಿಕೆ ಮಾನ ಎಲ್ಲವನ್ನೂ ಕುರ್ಚಿಯ ಕೆಳಗಿಟ್ಟು, ಪಕ್ಕದಲ್ಲಿ ಕೂತಿದ್ದ ಬಸ್ ಡ್ರೈವರ್ ಕಡೆಗೆ ತಿರುಗಿದೆ. ಖಾಕಿ ಸಮವಸ್ತ್ರದಲ್ಲೇ ಬಂದಿದ್ದ.

"ಅಣ್ಣಾ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಷರ್ಟ್ ಬಿಚ್ತೀರಾ?"

ಡ್ರೈವರ್ ಫೈಲನ್ನು ಎದೆಗವಚಿಕೊಂಡ. "ಯಾರಮ್ಮ ನೀವು?"

"ಆಪರೇಶನ್ನಿಗೆ ಮುಂಚೆ ನಿಮ್ಮ ಎದೆ ಬೋಳಿಸಿದವರ ಹೆಂಡ್ತಿ."

ಸುತ್ತಲಿನ ನಾಲ್ಕು ಕುರ್ಚಿಗಳು ನಮ್ಮ ಕಡೆ ತಿರುಗಿದವು. ಡ್ರೈವರ್ ನನ್ನ ಹಿಂದೆ ನಿಂತಿದ್ದ ಇವರನ್ನು ನೋಡಿದ. ಅವನ ಮುಖ ಅಗಲವಾಯಿತು. "ಅಯ್ಯೋ, ಕೂದಲೂ ವಾಪಸ್ ಬರತ್ತೆ, ನೀವೂ ವಾಪಸ್ ಬರ್ತೀರಿ! ನೀವೇ ಅಲ್ವಾ? ನೋಡಿ, ಬಂದಿದ್ದೀನಿ. ಎರಡೂ ಬಂದಿವೆ!" ಎನ್ನುತ್ತ ತಾನೇ ಪಟಪಟನೆ ಗುಂಡಿ ಬಿಚ್ಚಿದ.

ಎದೆಯ ನಡುವೆ ಮೇಲಿಂದ ಕೆಳಗೆ ತಿಳಿಗೆಂಪು ಗೆರೆ. ಅದರ ಎರಡೂ ಕಡೆ ದಟ್ಟವಾಗಿ ಕೂದಲು, ಎಡಗಡೆ ಅಕ್ಕಪಕ್ಕದಲ್ಲಿ ಎರಡು ಸುಳಿ.

"ಜೋಡಿ ಸುಳಿ!" ಎಂದರು ಇವರು. ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದರು. "ಜೋಡಿ ಸುಳಿ! ನಿಮ್ಮ ಬಸ್ಸಿನ ಬ್ರೇಕ್ ಸರಿ ಇಲ್ಲ ಅಂತ ಪೂರ್ತಿ ಹೊತ್ತು ಡಿಪೋದವರನ್ನ ಬೈತಾ ಇದ್ರಿ!"

"ಇನ್ನೂ ಸರಿ ಮಾಡಿಲ್ಲ ಅವರು" ಎಂದ ಡ್ರೈವರ್. "ನನಗೆ ನಾಲ್ಕು ನಾಳ ಹಾಕಿದ್ರು. ಮೂರು ವರ್ಷ ಆಯ್ತು. ಬಸ್ಸಿಗಿಂತ ನಾನೇ ಗಟ್ಟಿ."

ಅಲ್ಲಿಂದ ಮುಂದೆ ಆದದ್ದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಒಬ್ಬೊಬ್ಬರಾಗಿ ಎದ್ದು ಬಂದು ಗುಂಡಿ ಬಿಚ್ಚತೊಡಗಿದರು. "ಪಕ್ಕೇಲಿ ಸುಟ್ಟ ಕಲೆ, ನೀವು ಬೇಕರಿಯವರು" ಎಂದರು ಇವರು. "ಬಲಗಡೆ ಮೂರು ಮಚ್ಚೆ, ಕಚಗುಳಿ ಅಂತ ನನ್ನ ಕೈ ತಳ್ಳಿದ್ರಿ." ರಿಟೈರಾದ ಮೇಷ್ಟ್ರೊಬ್ಬರು ಪ್ಯಾಂಟು ಮಡಿಚಿ ಕಾಲು ತೋರಿಸಿ, "ಇಲ್ಲಿ ಕೀವಾಗಿ ನಲವತ್ತು ದಿನ ಒದ್ದಾಡಿದೆನಪ್ಪ. ಮೊದಲ ಎರಡು ತಿಂಗಳು ಸುಮ್ ಸುಮ್ನೆ ಅಳು ಬರ್ತಿತ್ತು. ಅದನ್ನ ಯಾರೂ ಹೇಳಿರಲಿಲ್ಲ. ಈಗ ದಿನಾ ಎರಡು ಮೈಲಿ ನಡೀತೀನಿ" ಎಂದರು. ಇನ್ನೊಬ್ಬರಿಗೆ ಹೃದಯದ ಶಕ್ತಿ ಕಮ್ಮಿಯಂತೆ, ಈಗಲೂ ಮೆಟ್ಟಿಲು ಕಷ್ಟವಂತೆ. ಅವರೂ ಎದ್ದು ನಿಂತೇ ಹೇಳಿದರು.

ಒಳಗಿನಿಂದ ಸಿಸ್ಟರ್ ಬಂದು ಸೊಂಟಕ್ಕೆ ಕೈಯಿಟ್ಟು, "ಇದೇನು ಆಸ್ಪತ್ರೆನೋ ಈಜುಕೊಳನೋ? ಎಲ್ಲರೂ ಷರ್ಟ್ ಹಾಕ್ಕೊಳ್ಳಿ!" ಎಂದು ಗದರಿದರು. ಹಜಾರವಿಡೀ ನಕ್ಕಿತು. ಇವರೊಬ್ಬರು ನಗಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. ಡ್ರೈವರ್ ಬೆನ್ನು ತಟ್ಟುತ್ತಿದ್ದ. ನಾನು ಚೀಲದಿಂದ ಕಾಗದ ತೆಗೆದೆ, ಪೆನ್ನು ಮೇಷ್ಟ್ರು ಕೊಟ್ಟರು. ಇವರ ಸಹಿ ಎಂದಿಗಿಂತ ಸೊಟ್ಟಗಿತ್ತು, ಆದರೆ ಸಹಿಯೇ.

ಆಪರೇಶನ್ನಿನ ಹಿಂದಿನ ದಿನ, ಭಾನುವಾರ ಸಂಜೆ, ಇವರನ್ನು ಸಿದ್ಧಮಾಡಲು ಬಂದವನು ಹುಲ್ಲು ಕೊಯ್ಯೋನು. ಬೇರೆ ಯಾರೂ ಇರಲಿಲ್ಲ, ಇವರು ತಾವೇ ಮಾಡಿಕೊಳ್ಳುತ್ತೇನೆ ಎಂದರೆ ಸಿಸ್ಟರ್ ಬಿಡಲಿಲ್ಲ. ನನ್ನನ್ನು ಪರದೆಯ ಆಚೆ ಕೂರಿಸಿದರು. "ಅಡ್ಡ ಹಿಡೀಬೇಡ, ಉದ್ದಕ್ಕೆ ಹಿಡಿ. ಮೊಣಕಾಲ ಹತ್ರ ಚರ್ಮ ಎಳ್ಕೋ. ಗೆರೆ ಸೊಟ್ಟ ಆಯ್ತು ನೋಡು" ಎಂದು ಇವರು ಉದ್ದಕ್ಕೂ ಪಾಠ ಮಾಡಿದರು. ಆ ಪುಣ್ಯಾತ್ಮ ಹೇಳಿದ ಹಾಗೆಲ್ಲ ಮಾಡಿದ. ಎಲ್ಲ ಮುಗಿದು ಮೆಷಿನ್ ನಿಂತಿತು.

"ಹೇಳೋ" ಎಂದರು ಇವರು.

"ಏನಣ್ಣ?"

"ಆ ಮಾತು ಹೇಳೋ. ಕೂದಲೂ ವಾಪಸ್ ಬರತ್ತೆ ಅನ್ನು."

ಅವನು ಹೇಳಿದ. ಪೂರ್ತಿಯಾಗಿ, ತಡವರಿಸದೆ ಹೇಳಿದ. ನಾನು ಪರದೆಯ ಈಚೆ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದೆ. ಆ ದಿನದಿಂದ ಅವನಿಗೆ ಆ ಅಡ್ಡಹೆಸರು ನಮ್ಮ ಮನೆಯಲ್ಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಒಳಗೆ ಹೋದರು. ಐದೂವರೆ ಗಂಟೆ ಕಾದೆ. ಕಾಯುವ ಕೋಣೆಯಲ್ಲಿ ನಾನು ಮಾಡಿದ ಒಂದೇ ಕೆಲಸವೆಂದರೆ, ಎದುರಿಗೆ ಕೂತಿದ್ದ ಅಪರಿಚಿತರ ಷರ್ಟುಗಳ ಹೊಲಿಗೆ ಪರೀಕ್ಷೆ. ಒಂದರಲ್ಲಿ ಎರಡನೇ ಗುಂಡಿಯ ದಾರ ಸಡಿಲವಿತ್ತು. ಹನ್ನೆರಡೂವರೆಗೆ ಡಾಕ್ಟರಮ್ಮ ಟೋಪಿ ತೆಗೆಯುತ್ತ ಬಂದರು.

"ಮೂರು ಹಾಕಿದ್ದೀನಿ. ಒಂದು ಎದೆ ಒಳಗಿಂದ, ಎರಡು ಕಾಲಿಂದ. ಹೃದಯ ತಾನಾಗೇ ಚೆನ್ನಾಗಿ ಶುರುವಾಯ್ತು. ಸಾಯಂಕಾಲ ಟ್ಯೂಬ್ ತೆಗೀತೀವಿ." ಹೋಗುವಾಗ ತಿರುಗಿ ನೋಡಿ ನಕ್ಕರು. "ಎದೆ ಇವತ್ತು ಅಷ್ಟು ನೀಟಾಗಿ ಇರಲಿಲ್ಲ. ಯಾರು ಮಾಡಿದ್ದು?"

ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯದು. ಪಕ್ಕದಲ್ಲಿದ್ದವರು ಯಾರೋ ನೀರಿನ ಬಾಟಲಿ ಕೊಟ್ಟರು, ಒಂದೇ ಉಸಿರಿಗೆ ಖಾಲಿ ಮಾಡಿದೆ.

ಮೂರನೇ ದಿನ ವಾರ್ಡಿಗೆ ತಂದರು. ಎದೆಗೆ ಒತ್ತಿಕೊಳ್ಳಲು ಒಂದು ಸಣ್ಣ ದಿಂಬು ಕೊಟ್ಟಿದ್ದರು. ಕೆಮ್ಮಿದರೂ ನಕ್ಕರೂ ಅದನ್ನು ಅಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಕೂಡಿಸಿದ ಎಲುಬು ನೋಯುತ್ತದೆ. ಇವರು ಆ ದಿಂಬನ್ನು ಮಗುವಿನ ಹಾಗೆ ಇಟ್ಟುಕೊಂಡು ಓಡಾಡಿದರು. ಊಟ ರುಚಿಯಿಲ್ಲ ಎಂದು ಬೈದರು, ಸಿಸ್ಟರ್ ಜೊತೆ ಜಗಳವಾಡಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಐದನೇ ದಿನ ಬೆಳಿಗ್ಗೆ, ಇವರ ಪಾಳಿಯನ್ನೂ ನೋಡಿಕೊಳ್ಳುತ್ತಿದ್ದ ಆ ಸಂಜೆ ಪಾಳಿಯವನು ತನ್ನ ಚೀಲ ಹಿಡಿದು ಬಂದ. "ಗಡ್ಡ ತುಂಬಾ ಬೆಳೆದಿದೆ ಅಣ್ಣ, ತೆಗೆದುಬಿಡ್ಲಾ?"

ಇವರ ಮುಖದ ಬಣ್ಣ ಇಳಿಯಿತು. ಕೈ ದಿಂಬನ್ನು ಹುಡುಕಿತು. "ಬೇಡ. ನೀನು ಹೋಗು. ಬೇಡ" ಎಂದರು. ಅವನಿಗೆ ಅರ್ಥವಾಗಲಿಲ್ಲ, ನನಗೆ ಅರ್ಥವಾಯಿತು. ಆಪರೇಶನ್ ಆಗಿ ಐದನೇ ದಿನ, ಬೆಳೆದ ಗಡ್ಡ, ಎರಡನೇ ಸಲ ಬಂದ ಕ್ಷೌರಿಕ. ಹಜಾರದಲ್ಲಿ ನೋಡಿದ ಅಷ್ಟೂ ಎದೆಗಳು ಇಪ್ಪತ್ತೆರಡು ವರ್ಷದ ಭಯವನ್ನು ಪೂರ್ತಿಯಾಗಿ ತೊಳೆದಿರಲಿಲ್ಲ.

"ಚೀಲ ಇಲ್ಲಿ ಕೊಡಪ್ಪ" ಎಂದೆ.

"ನೀನಾ?" ಎಂದರು ಇವರು. "ಜನ್ಮದಲ್ಲಿ ಯಾರಿಗಾದ್ರೂ ಮಾಡಿದ್ದೀಯಾ?"

"ನಾನು ಕ್ಷೌರಿಕಳಲ್ಲ, ಹಾಗಾಗಿ ಇದು ಎರಡನೇ ಸಲ ಅಲ್ಲ. ಬಾಯಿ ಮುಚ್ಚಿ."

ಕುತ್ತಿಗೆಗೆ ಟವೆಲ್ ಸುತ್ತಿ ಸೋಪು ಹಚ್ಚಿದೆ. ಎಡಗೆನ್ನೆ ಸರಾಗವಾಗಿ ಮುಗಿಯಿತು. ಬಲಗೆನ್ನೆ ಪರವಾಗಿಲ್ಲ. ಇವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಉಸಿರು ಹಿಡಿದು, ಅಲ್ಲಾಡದೆ ಕೂತಿದ್ದರು. ಅಷ್ಟೊಂದು ಅಲ್ಲಾಡದೆ ಇರುವುದು ನನಗೆ ಇಷ್ಟವಾಗಲಿಲ್ಲ. ಗಲ್ಲದ ಕೆಳಗೆ ಬರುವಷ್ಟರಲ್ಲಿ ನನ್ನ ಕೈಯೂ ನಡುಗಿ ಬ್ಲೇಡ್ ತಾಗಿತು.

"ಆಯ್!" ಎಂದರು.

ಬಿಳಿ ನೊರೆಯೊಳಗಿಂದ ಕೆಂಪು ಇಣುಕಿತು. ಆಮೇಲೆ ಧಾರಾಳವಾಗಿ ಹರಿಯಿತು, ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದರಲ್ಲ. ಗಲ್ಲದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಟವೆಲಿಗೆ. "ಸಿಸ್ಟರ್!" ಎಂದು ಕಿರುಚಿದೆ.

ಇವರು ಬೆರಳಿಂದ ಗಲ್ಲ ಮುಟ್ಟಿಕೊಂಡು ಕಣ್ಣ ಮುಂದೆ ಹಿಡಿದು ನೋಡಿದರು. ಮತ್ತೆ ಮುಟ್ಟಿ, ಮತ್ತೆ ನೋಡಿದರು. ಬೆರಳ ತುದಿಯನ್ನು ನನಗೂ ತೋರಿಸಿದರು.

"ರಕ್ತ ಕಣೇ" ಎಂದರು. "ನೋಡು, ರಕ್ತ ಬರ್ತಿದೆ!"

ದಿಂಬನ್ನು ಎರಡೂ ಕೈಯಿಂದ ಎದೆಗವಚಿಕೊಂಡು ನಗತೊಡಗಿದರು. ನೋವಿಗೆ ಅಯ್ಯೋ ಅಯ್ಯೋ ಎನ್ನುತ್ತ ನಕ್ಕರು. ಹತ್ತಿ ಹಿಡಿದು ಓಡಿಬಂದ ಸಿಸ್ಟರ್ ಇಬ್ಬರನ್ನೂ ಬೈಯುತ್ತ ಗಲ್ಲ ಒತ್ತಿ ಹಿಡಿದರು. ರಕ್ತ ನಿಲ್ಲಲು ಇಪ್ಪತ್ತು ನಿಮಿಷ ಹಿಡಿಯಿತು, ಇವರ ನಗು ನಿಲ್ಲಲು ಅದಕ್ಕಿಂತ ಹೆಚ್ಚು.